ಮೆಟ್ಟಿಲು ಒರೆಸಿದವರು

ಬ್ರಾಂಕ್ಸ್‌ ಬಡಾವಣೆಯ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ಅಕ್ಕಪಕ್ಕದ ಮನೆಯ ಇಬ್ಬರು ಹೆಂಗಸರು ಕೂತಿದ್ದರು.

"ಲುಸಿಲಕ್ಕಾ, ನಿನ್ನೆ ಪೊಲೀಸ್ ಸೀರಿಯಲ್ ನೋಡಿದ್ಯಾ? ನಮ್ಮ ಬಿಲ್ಡಿಂಗ್ ಮೆಟ್ಟಿಲು ಬಂತು!"

"ನೋಡ್ದೆ ಯೊಲಾಂಡಾ."

"ಒಂದೇ ಗಂಟೇಲಿ ಕೊಲೆನೂ ಆಯ್ತು, ಕೋರ್ಟಲ್ಲಿ ಶಿಕ್ಷೆನೂ ಆಯ್ತು."

"ಅವರಿಗೇನು, ಗಂಟೆ ಸಾಕು."

"ಶೂಟಿಂಗ್ ದಿನ ಕಿಟಕೀಲಿ ನಿಂತು ಅಷ್ಟೊತ್ತು ಏನ್ ನೋಡ್ತಿದ್ದೆ? ಹೀರೋನಾ?"

"ಬಣ್ಣದ ರಕ್ತ ಒರೆಸೋದನ್ನ. ನಾಲ್ಕು ಜನ ಬಿಸಿನೀರು ತಂದು ಉಜ್ಜಿದ್ರು. ಒಂದು ಚುಕ್ಕೆ ಬಿಡ್ಲಿಲ್ಲ."

"ಮತ್ತೆ, ಒರೆಸ್ದೆ ಹೋಗ್ತಾರಾ?"

"ನೀನು ಆ ಮನೆಗೆ ಬರೋಕೆ ಮುಂಚೆ, ನನ್ನ ಮಗ ಡೆಸ್ಮಂಡ್ ಗುಂಡೇಟಿಗೆ ಸತ್ತಿದ್ದು ಅದೇ ಮೆಟ್ಟಿಲ ಮೇಲೆ. ಪೊಲೀಸರು ಫೋಟೋ ತೆಗ್ದು ಹೊರಟೋದ್ರು. ಒರೆಸಿದ್ದು ನಾನು ಕಣೆ."

ಸ್ಟಾಪ್ ಬಂತು. ಯೊಲಾಂಡಾ ಲುಸಿಲ್‌ಳ ಚೀಲವನ್ನೂ ತಾನೇ ಎತ್ತಿಕೊಂಡು ಇಳಿದಳು.