ಸೋಮವಾರದ ಬೆರಳು

ಅಲ್ಲಾ, ಯಾಕೆ ನಗ್ತೀಯ ಈಗ? ಡಿಪೋ ಮ್ಯಾನೇಜರ್ರೇ ಹೇಳಿದ್ದು ಕಣೇ... "ಸಕ್ಕರೆ ಕಾಯಿಲೆ ಇಟ್ಕೊಂಡು ಒಂದು ವರ್ಷ ಬಸ್ಸು ಓಡಿಸಿದೀರಿ, ಏನು ಕಲಿತ್ರಿ ಅಂತ ನಾಳೆ ಬೇರೆ ಡ್ರೈವರ್‌ಗಳಿಗೆ ನಾಲ್ಕು ಮಾತು ಹೇಳಿ" ಅಂತ. ಅದಕ್ಕೇ ಹೆಂಡ್ತಿ ಮುಂದೆ ಒಂದ್ಸಲ ಒಪ್ಪಿಸಿ ನೋಡೋಣ ಅಂತ. ಕೂತ್ಕೋ. ನೀರು ಆಮೇಲೆ ಕುಡಿಯುವಂತೆ... ಸರಿ ಮಾರಾಯ್ತಿ, ಕುಡಿದೇ ಬಾ.

ಗೊತ್ತು, ಗೊತ್ತು. ನಿನ್ನ ಬೆರಳಿನ ವಿಷಯ ನಾಳೆ ಹೇಳಕ್ಕಾಗುತ್ತಾ? ಸೋಮವಾರ ಸೋಮವಾರ ಡಿಪೋ ನರ್ಸಮ್ಮನಿಗೆ ಸಕ್ಕರೆ ನೋಡೋ ಮೀಟರ್ ತೋರಿಸ್ಬೇಕು, ಎರಡು ಸಲ ಇನ್ನೂರು ದಾಟಿದ್ರೆ ಸ್ಟೇರಿಂಗ್ ಬಿಡಿಸಿ ಗೇಟಿನಲ್ಲಿ ಕೂರಿಸ್ತಾರೆ. ಇಪ್ಪತ್ತೆರಡು ವರ್ಷ ಸ್ಟೇರಿಂಗ್ ಹಿಡಿದ ಕೈ ಇದು. ಗೇಟಲ್ಲಿ ಕೂತು ಕಂಡೋರ ಬಸ್ಸಿನ ನಂಬರ್ ಬರೀಲಾ? ಅದಕ್ಕೇ ಅಲ್ವಾ ನಿನ್ನ ಕೈ ಹಿಡಿದಿದ್ದು. ಚುಚ್ಚಿದ ತಕ್ಷಣ "ಅಯ್ಯೋ" ಅಂತಿದ್ದೆ. ಆದ್ರೂ ಕೊಡ್ತಿದ್ದೆ. ತೊಂಬತ್ತೆಂಟು, ನೂರಾ ನಾಲ್ಕು... ನರ್ಸಮ್ಮ ನೋಡೋದೂ ಕೊನೇ ನಂಬರ್ ಒಂದೇ. ನಿನ್ನ ರಕ್ತದಲ್ಲಿ ನಾನು ಮಾದರಿ ರೋಗಿ ಆಗ್ಬಿಟ್ಟೆ. ನಗು, ನಗು.

ನಾಲ್ಕು ತಿಂಗಳಿಂದ ಕೇಳಿದೀನಾ ನಿನ್ನ ಬೆರಳು? ಇಲ್ಲ ತಾನೇ. "ಅಂತೂ ದಾರಿಗೆ ಬಂದ್ರಿ" ಅಂತ ನೀನೇ ಖುಷಿಪಟ್ಟೆ. ಬಂದೆ. ಅದಿರ್ಲಿ... ಪಾಠಕ್ಕೆ ಬರೋಣ.

ಮೊದಲನೇದು, ಬಾಯಾರಿಕೆ. "ಬಿಸಿಲಿಗೆ ಅಂತ ಸುಮ್ನಿರಬೇಡಿ. ಬಾಟಲಿಗಟ್ಟಲೆ ಕುಡಿದ್ರೂ ನಾಲಿಗೆ ಒಣಗ್ತಿದ್ರೆ..." ಮತ್ತೆ ಎಲ್ಲಿಗೆ ಎದ್ದೆ? ...ಬಿಸಿಲು ಅಲ್ವಾ. ಕುಡಿ, ಕುಡಿ.

ಎರಡನೇದು, ಮೈ ಇಳಿಯೋದು. ನನ್ನ ಪ್ಯಾಂಟು ಹೆಂಗೆ ಜಾರ್ತಿತ್ತು... ಏನದು? ನಿನ್ನ ಉಂಗುರಾನಾ? ಜಾರಿದ್ರೆ ಜಾರ್ಲಿ ಬಿಡು, ದಾರ ಸುತ್ಕೊಂಡ್ರಾಯ್ತು. ವರ್ಷವೆಲ್ಲಾ ನನ್ನ ಹಿಂದೆ ಓಡಾಡಿ ಸಣ್ಣಗಾಗಿದೀಯ, ಅಷ್ಟೇ.

ಮೂರನೇದು, ಕಾಲು. "ಗಾಯ ಆದ್ರೆ ಉದಾಸೀನ ಮಾಡಬೇಡಿ. ಹದಿನೈದು ದಿನ ಆದ್ರೂ ಮಾಗದಿದ್ರೆ, ಅದಕ್ಕಿಂತ ಹೆಚ್ಚಾಗಿ, ನೋವೇ ಆಗದಿದ್ರೆ..."

ಕಾಲು ಯಾಕೆ ಕುರ್ಚಿ ಕೆಳಗೆ ಎಳ್ಕೊಂಡೆ? ಅದು ಚಪ್ಪಲಿ ಕಡಿದಿದ್ದು ಕಣೇ. ನಾನೇ ದಿನಾ ಮುಲಾಮು ಹಚ್ತಾ ಇಲ್ವಾ? ನಿನ್ನೆ ಕೇಳಿದ್ದಕ್ಕೆ ನೋವೇ ಇಲ್ಲ ಅಂದೆಯಲ್ಲ... ಇಲ್ಲ ಅಂದೆ.

ನನ್ನ ಚೀಲಕ್ಕೆ ಯಾಕೆ ಕೈ ಹಾಕ್ದೆ?

ಆ ಮೀಟರ್ ಯಾಕೆ ತೆಗೀತೀಯ? ಇಟ್ಬಿಡು. ಎಲ್ಲಾ ನೂರು, ನೂರಾ ಹತ್ತೇ ಇರೋದು. ನಂದಲ್ಲ... ನಮ್ಮ ಕಂಡಕ್ಟರ್‌ದು. ಹೌದು, ಅವನ ಬೆರಳು. ಬಸ್ಸು ಹೊರಡೋ ಮುಂಚೆ ಚುಚ್ಚಿಸ್ಕೊಳ್ತಾನೆ. "ನನ್ನ ಬೆರಳು ಯಾಕೆ ಬೇಡ ಆಯ್ತು" ಅಂತ ಕೇಳ್ಬಿಡು. ಬಾಯಿಬಿಟ್ಟು ಕೇಳು. ಹಂಗೆ ನೋಡಬೇಡ.

ಗುಂಡಿ ಒತ್ತಿ ಹಳೇ ನಂಬರ್‌ಗಳಿಗೆ ಹೋಗಬೇಡ ಕಣೇ... ಅಷ್ಟು ಹಿಂದಕ್ಕೆ ಬೇಡ...

ಕೊನೇ ಸಲ ನಿನ್ನ ಬೆರಳು ಚುಚ್ಚಿದಾಗ ನೂರಾ ಆರು ಅಂದೆ. ಅಲ್ಲಿದ್ದದ್ದು ಈಗ ನೀನು ನೋಡ್ತಿರೋದೇ, ಇನ್ನೂರ ಎಂಬತ್ತಾರು. ಮೀಟರ್ ಕೆಟ್ಟಿದೆ ಅಂದ್ಕೊಂಡೆ. ಡಿಪೋಗೆ ಹೋಗಿ ಕಂಡಕ್ಟರ್‌ದು ನೋಡಿದೆ, ತೊಂಬತ್ತೈದು. ಮೀಟರ್ ಸರಿಯಾಗೇ ಇತ್ತು. ಊರಲ್ಲಿರೋ ಒಬ್ರೇ ಡಾಕ್ಟ್ರು ಡಿಪೋಗೂ ಡಾಕ್ಟ್ರು. ನಿನಗೆ ಹೇಳಿದ್ರೆ ಅಲ್ಲಿಗೇ ಹೋಗ್ತೀಯ, ಹೆಂಗೆ ಗೊತ್ತಾಯ್ತು ಅಂತ ಕೇಳ್ತಾರೆ... ನೀನು ಸುಳ್ಳು ಹೇಳೋಳಲ್ಲ. ಬರೋ ವಾರ ಹೇಳೋಣ, ಬರೋ ವಾರ ಹೇಳೋಣ ಅಂತಂತ... ಹೆದರಿಕೆ ಆಯ್ತು ಕಣೇ. ನನ್ನ ಬಗ್ಗೆ.

ಬೈಯಿ. ಮೀಟರ್ ತೆಗೆದು ಮುಖಕ್ಕೆ ಎಸಿ. ಬೆರಳು ಯಾಕೆ ಚಾಚಿದೀಯ? ಇವತ್ತು ಸೋಮವಾರ ಅಲ್ಲ...

ಸರಿ. ಸರಿ. ಕೊಡು ಇಲ್ಲಿ. ಎಷ್ಟು ಸಣ್ಣ ಆಗಿದೆ ಈ ಬೆರಳು.

ಚುಚ್ಚಿದೆ ನೋಡು... ರಕ್ತ ಬಂತು. ಅಯ್ಯೋ ಅನ್ನಲ್ವಾ? ಯಾವಾಗ್ಲೂ ಅಂತಿದ್ದೆಯಲ್ಲ... ಅನ್ನು ಒಂದ್ಸಲ.