ಸಿಕ್ಕಿಹಾಕಿಕೊಂಡ ರಕ್ತದಾನಿ-ಪಟ್ಟಿ

೨೦೦೯ರ ಒಂದು ಮಧ್ಯಾಹ್ನ. ಧಾರವಾಡದಿಂದ ಹುಬ್ಬಳ್ಳಿಗೆ ಹೊರಟ ಬಸ್ಸಿನಲ್ಲಿ ರಾಜೇಶ್ವರಿಯ ಮುಂದಿನ ಸೀಟಿನಲ್ಲಿ ಕೂತಿದ್ದ ಹೆಂಗಸು ಪಕ್ಕದ ತರುಣನನ್ನು ತರಾಟೆಗೆ ತೆಗೆದುಕೊಂಡಿದ್ದಳು.

“ಶಶಿಕಾಂತ, ನಮ್ಮ ಸಂಘದ ಎರಡು ಸಾವಿರ ರಕ್ತದಾನಿಗಳ ಹೆಸರು ನಮಗ ಕೊಡಾಕ ಆ ಕಂಪನಿಯವರಿಗೇನು ಧಾಡಿ?”

“ಸುಮಲತಕ್ಕಾ, ಪಟ್ಟಿ ಇರೂದು ಅವರ ಕಂಪ್ಯೂಟರಿನ್ಯಾಗರಿ. ಇಂಟರ್‌ನೆಟ್ಟಿನ್ಯಾಗ ಒಬ್ಬೊಬ್ಬರದು ನೋಡಬಹುದು. ಎಲ್ಲಾ ಒಮ್ಮೆಲೆ ಹೊರಗ ತೆಗ್ಯಾಕ ದಾರೀನ ಇಟ್ಟಿಲ್ಲ.”

“ಬರೂ ಐತವಾರ ಕಂಪನಿ ಬಾಗಲಾ ಕಾಯಂ ಹಾಕ್ತೀವಿ ಅಂತ ಪತ್ರ ಬರದಾರಲ್ಲೋ!”

“ನನಗೂ ತಲಿ ಕೆಟ್ಟೈತ್ರಿ. ಪಟ್ಟಿ ನೋಡಾಕ ನಾ ಬರದ ಪ್ರೋಗ್ರಾಮೂ ಅವರ ಕಂಪ್ಯೂಟರ್ ಬಿಟ್ಟು ಬ್ಯಾರೆ ಎಲ್ಲೂ ಓಡೂದಿಲ್ಲ.”

“ಒಳಗ ಹೋಗೂ ಮುಂದ ಹೊರಗ ಬರೂ ಹಾದಿ ಕೇಳಬೇಕಿಲ್ಲೇನು?”

“ಪಟ್ಟಿ ಇಡಾಕ ಜಾಗಾ ಪುಕ್ಕಟ ಕೊಟ್ಟಿದ್ರರಿ. ಕೇಳಲಿಲ್ಲ.”

ಸುಮಲತಾ ಹಣೆ ಚಚ್ಚಿಕೊಂಡಳು.

“ಕುಂತು ಕೈಲೆ ಬರಕೊಳ್ಳೂಣು ನಡಿ.”

“ನಾಲ್ಕ ದಿನದಾಗ ಎಲ್ಲಾ ಆಗೂದಿಲ್ಲಕ್ಕಾ.”

“ಆದಷ್ಟು ಆಗಲಿ. ಮೊದಲು ನೆಗೆಟಿವ್ ಗುಂಪಿನವರನ್ನ ಬರಿ. ಅಂಥವರು ಹುಡುಕಿದ್ರೂ ಸಿಗೂದಿಲ್ಲ.”

ಉಣಕಲ್ಲಿನಲ್ಲಿ ಇಬ್ಬರೂ ಇಳಿದರು. ಬಸ್ಸು ಹೊರಟಾಗ ರಾಜೇಶ್ವರಿಗೆ ತಡೆಯಲಾಗಲಿಲ್ಲ. ಕಿಟಕಿಯಿಂದ ಕೂಗಿದಳು:

“ಅಕ್ಕಾರ, ನಂದು ಓ ನೆಗೆಟಿವ್ ರೀ!”

ಸುಮಲತಾ ಶಶಿಕಾಂತನ ಜೇಬಿನಿಂದ ಪೆನ್ನು ಕಿತ್ತು, ಅಂಗೈ ಚಾಚಿ ಬಸ್ಸಿನ ಹಿಂದೆ ಓಡಿದಳು.

“ಫೋನ್ ನಂಬರ್ ಹೇಳ್ರೀ, ನಂಬರ್!”