ಜೀವ ಇರೋ ಕಪ್ತಾನ

ಇಂಗ್ಲೆಂಡಿನ ಪ್ಲಿಮತ್ ಬಂದರಿನ ರೊಟ್ಟಿ ಅಂಗಡಿಯ ಸಾಲಿನಲ್ಲಿ ನಿಂತಿದ್ದ ವಿಲ್ಮಟ್ ಮುದುಕಿಗೆ, ಮುಂದಿದ್ದ ಅತ್ತಿಗೆ ಮೈದುನರ ಮಾತು ಕಿವಿಗೆ ಬಿತ್ತು.

“ಗೋಧಿ ತನ್ನಿ ಅಂತ ಸ್ಪೇನಿನವ್ರೇ ಕರೆದ್ರು. ಹೋದ್ಮೇಲೆ ಹಡಗು ಕಿತ್ಕೊಂಡು ಅಣ್ಣನ್ನ ಒಳಗೆ ಹಾಕಿದ್ರು. ಈಗ ಅವ್ರ ಹಡಗು ದೋಚೋಕೆ ನಮ್ಮ ರಾಣಿಯೇ ಅಪ್ಪಣೆ ಕೊಟ್ಟಿದ್ದಾಳೆ. ನಾಳೆ ಹೊರಟೆ ಅತ್ಗೆ. ನಿಮಗೇನು ತರ್ಲಿ, ರೇಷ್ಮೆ?”

“ರೇಷ್ಮೆ ಉಟ್ಕೊಂಡು ಯಾರಿಗೆ ತೋರಿಸ್ಲೋ ಡಿಗರಿ? ಒಬ್ಬ ಕಪ್ತಾನನ್ನ ಹಿಡ್ಕೊಂಡು ಬಾ. ಜೀವ ಇರ್ಬೇಕು.”

“ಯಾಕೆ?”

“ನಿಮ್ಮಣ್ಣನ್ನ ಬಿಟ್ರೆ ಅವನನ್ನ ಬಿಡೋದು.”

“ಅವನಿಗೂ ಹೆಂಡ್ತಿ ಇರ್ತಾಳಲ್ಲ. ಅವಳೂ ತನ್ನ ಮೈದುನನ್ನ ನಮ್ಮ ಮೇಲೆ ಕಳಿಸಿದ್ರೆ?”

“ಕಳಿಸ್ಲಿ, ಬೇಡ ಅಂದೋರ್ಯಾರು? ನೀನು ಮೊದ್ಲು ಹೋಗು.”

ಸರದಿ ಬಂದಾಗ ಅತ್ತಿಗೆ ಬಿಸಿ ರೊಟ್ಟಿ ಕೊಂಡು, ಮುರಿದು ದೊಡ್ಡ ತುಂಡನ್ನು ಅವನ ಕೈಗಿಟ್ಟಳು. ಇಬ್ಬರೂ ಹಡಗುಕಟ್ಟೆಯತ್ತ ಇಳಿದು ಹೋದರು.